ಎರಡು ಡಿಸ್ಕ್ ಇದೆ, ಏನು ಮಾಡಲಿ? ಮನೆ ಕಂಪ್ಯೂಟರಿನ ರೇಡ್, ಬ್ಯಾಕಪ್ ಮತ್ತು ಕಾಣದ ಡ್ರೈವರ್

"ನಾಲ್ಕು ಟಿಬಿಯ ಎರಡು ಡಿಸ್ಕ್ ತಗೊಂಡಿದ್ದೀನಿ. ಮಿರರ್ ಮಾಡ್ಲಾ, ಇಲ್ಲಾ ಒಂದನ್ನ ಬ್ಯಾಕಪ್‌ಗೆ ಎತ್ತಿಡ್ಲಾ?"

ಈ ಪ್ರಶ್ನೆಯನ್ನು ನೆಂಟರು, ಸ್ನೇಹಿತರು, ಅವರ ಸ್ನೇಹಿತರು ನನಗೆ ಕೇಳುತ್ತಲೇ ಇರುತ್ತಾರೆ. ಇದರ ಜೊತೆಗೆ ಇನ್ನೊಂದೂ ಬರುತ್ತದೆ: "ವಿಂಡೋಸ್ ಹಾಕೋಕೆ ಹೋದ್ರೆ ಡಿಸ್ಕೇ ಕಾಣ್ತಿಲ್ಲ. ಹೊಸದೇ ಕೆಟ್ಟುಹೋಯ್ತಾ?" ಮೊದಲನೆಯದು ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಸೇರಿಸಿ ಬಳಸುವ ವಿಧಾನ; ಎರಡರಲ್ಲೂ ಅದೇ ಬರಹ ಇಡುವ ಮಿರರ್ ಅದರ ಒಂದು ಬಗೆ) ವಿಷಯ, ಎರಡನೆಯದು ಡ್ರೈವರ್ (ಕಂಪ್ಯೂಟರಿನ ಒಂದೊಂದು ಭಾಗವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಸಣ್ಣ ತಂತ್ರಾಂಶ) ವಿಷಯ ಅಂತ ಎಲ್ಲರೂ ಬೇರೆ ಬೇರೆಯಾಗಿ ನೋಡುತ್ತಾರೆ. ನಾನೂ ಹಾಗೇ ನೋಡುತ್ತಿದ್ದೆ, ನನ್ನ ಭಾವನ ಕಂಪ್ಯೂಟರ್ ಕೈಕೊಡುವವರೆಗೆ.

ಭಾವನದು ಹಾಸನದಲ್ಲಿ ಸಣ್ಣ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶದ ಕೆಲಸ. ಫೋಟೋಗಳಿಗೆಂದು ಮದರ್‌ಬೋರ್ಡಿನ ರೇಡ್‌ನಲ್ಲಿ ಎರಡು ಡಿಸ್ಕ್ ಮಿರರ್ ಮಾಡಿಸಿಕೊಂಡಿದ್ದರು. ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯ. ದಸರಾ ರಜೆಗೆ ಅಂಗಡಿ ಮುಚ್ಚಿ, ಬಂದು ಆನ್ ಮಾಡಿದಾಗ ನೀಲಿ ಪರದೆ. ಆಗಿದ್ದು ಇಷ್ಟೇ: ಬೋರ್ಡಿನ ಮೇಲಿನ ರೂಪಾಯಿ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತಿತ್ತು. ಬಯೋಸ್, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶ, ತನ್ನ ಮೂಲ ಸೆಟ್ಟಿಂಗ್‌ಗೆ ಹೋಗಿತ್ತು. ರೇಡ್ ಮೋಡ್ ಇದ್ದ ಜಾಗದಲ್ಲಿ ಎಎಚ್‌ಸಿಐ, ಅಂದರೆ ಡಿಸ್ಕುಗಳನ್ನು ಬಿಡಿಬಿಡಿಯಾಗಿ ನೋಡುವ ಮೋಡ್, ಬಂದಿತ್ತು.

ಹತ್ತಿರದ ಅಂಗಡಿಯ ಹುಡುಗ ಬ್ಯಾಟರಿ ಬದಲಿಸಿ, ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಬರೆಯುವ ವೇಗದ ಡಿಸ್ಕ್) ಮೇಲೆ ಹೊಸದಾಗಿ ವಿಂಡೋಸ್ ಹಾಕಿಕೊಟ್ಟ. ಫೋಟೋಗಳೆಲ್ಲ ಕಂಡವು. ಭಾವ ನೆಮ್ಮದಿಯಾದರು. ಆದರೆ ಕಂಡಿದ್ದು ಒಂದೇ ಡಿಸ್ಕ್. ಎರಡರ ಮೇಲೂ ಒಂದೇ ಗುರುತು ಇದ್ದಿದ್ದರಿಂದ ವಿಂಡೋಸ್ ಎರಡನೆಯದನ್ನು 'ಆಫ್‌ಲೈನ್' ಎಂದು ಪಕ್ಕಕ್ಕಿಟ್ಟಿತ್ತು. ಎರಡು ತಿಂಗಳು ಹೊಸ ಫೋಟೋಗಳೆಲ್ಲ ಒಂದೇ ಡಿಸ್ಕಿಗೆ ಹೋದವು. ಆಮೇಲೆ ಹೋಗಿದ್ದು ಅದೇ ಡಿಸ್ಕ್. "ಇನ್ನೊಂದು ಇದೆಯಲ್ಲಪ್ಪಾ, ತೆಗೆದುಕೊಡು" ಎಂದು ಭಾವ ನನಗೆ ಫೋನ್ ಮಾಡಿದರು. ತೆಗೆದೆ. ಅದರಲ್ಲಿ ದಸರಾ ತನಕದ ಫೋಟೋ ಮಾತ್ರ ಇತ್ತು. ಒಂದು ಮದುವೆಯ ಫೋಟೋಗಳಲ್ಲಿ, ಆಲ್ಬಮ್‌ಗೆ ಆರಿಸಿ ಮನೆಯವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದಷ್ಟೇ ಉಳಿಯಿತು.

ಡಿಸ್ಕ್ ಎರಡಿದ್ದರೆ ಸಾಲದು. ಅದನ್ನು ಓದುವ ದಾರಿ ಯಾವುದನ್ನು ನೆಚ್ಚಿಕೊಂಡಿದೆ ಎಂಬುದನ್ನೂ ನೋಡಬೇಕು. ಅದಕ್ಕೇ ಎರಡೂ ವಿಷಯವನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಈ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಿ

ಯಾವುದು ಒಳ್ಳೆಯದು ಎಂದು ನೇರ ಕೇಳಿದರೆ ಉತ್ತರವಿಲ್ಲ. ನಿಮಗೆ ಯಾವುದರ ಭಯ ಜಾಸ್ತಿ ಎಂಬುದರ ಮೇಲೆ ಅದು ನಿಂತಿದೆ. ಡಿಸ್ಕ್ ಕೆಡುವ ಭಯವೋ, ಮಗು ಫೋಲ್ಡರ್ ಅಳಿಸುವ ಭಯವೋ, ಸಿಡಿಲು ಬಡಿದು ಕಂಪ್ಯೂಟರೇ ಸುಡುವ ಭಯವೋ? ಮೂರಕ್ಕೂ ಮದ್ದು ಬೇರೆ ಬೇರೆ.

ಎರಡನೆಯದು, ಡಿಸ್ಕ್ ಹೋದ ದಿನ ಕೆಲಸ ನಿಂತರೆ ತಡೆದುಕೊಳ್ಳಬಹುದಾ? ಮನೆಯ ಫೋಟೋ, ಸಿನಿಮಾ ಇಟ್ಟುಕೊಂಡವರು ಒಂದು ವಾರ ಕಾಯಬಹುದು. ಗಡುವಿನ ಕೊನೆಯ ದಿನ ಜಿಎಸ್‌ಟಿ ಫೈಲ್ ಮಾಡುವವರು ಒಂದು ಮಧ್ಯಾಹ್ನವೂ ಕಾಯಲಾರರು.

ಮೂರನೆಯದು, ಕಂಪ್ಯೂಟರ್ ಪೂರ್ತಿ ಸತ್ತರೆ ಈ ಡಿಸ್ಕನ್ನು ಪಕ್ಕದ ಮನೆಯ ಕಂಪ್ಯೂಟರಿಗೆ ಹಾಕಿ ಓದಬಹುದಾ? ಇದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಇದು.

ನಾಲ್ಕನೆಯದು, ಒಂದು ಡಿಸ್ಕ್ ಹೋದದ್ದು ನಿಮಗೆ ಹೇಗೆ ಗೊತ್ತಾಗುತ್ತದೆ? ಮಿರರ್‌ನಲ್ಲಿ ಒಂದು ಹೋದರೆ ಏನೂ ನಿಲ್ಲುವುದಿಲ್ಲ. ಅದೇ ಅದರ ಗುಣ, ಅದೇ ಅದರ ದೋಷ. ಯಾರೂ ನೋಡದಿದ್ದರೆ ತಿಂಗಳುಗಟ್ಟಲೆ ಒಂದೇ ಕಾಲಲ್ಲಿ ನಿಂತಿರುತ್ತದೆ.

ದುಡ್ಡಿನ ಲೆಕ್ಕ ಕೊನೆಗೆ. ನಾಲ್ಕು ಟಿಬಿಯ ಎರಡು ಡಿಸ್ಕ್ ಮಿರರ್ ಮಾಡಿದರೆ ಸಿಗುವುದು ನಾಲ್ಕೇ ಟಿಬಿ. ಅದನ್ನೂ ವಿಂಡೋಸ್ 3.63 ಟಿಬಿ ಎಂದು ತೋರಿಸುತ್ತದೆ, ಅದರ ಅಳತೆಯ ಲೆಕ್ಕ ಬೇರೆ. ಅಂಗಡಿಯವನು ಮೋಸ ಮಾಡಿದ್ದಲ್ಲ.

ರೇಡ್ ಅಂದರೆ ಇಷ್ಟೇ

1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಈ ಹೆಸರನ್ನು ಬಳಕೆಗೆ ತಂದರು. ಒಂದು ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಕೆಲವು ಡಿಸ್ಕ್ ಸೇರಿಸಿ, ಒಂದು ಕೆಟ್ಟರೂ ನಡೆಯುವಂತೆ ಮಾಡೋಣ ಎಂಬುದು ಅವರ ವಿಚಾರ.

ರೇಡ್ 0 ಅನ್ನು ಈ ಮಾತಿನಿಂದ ಹೊರಗಿಡಿ. ಅದು ವೇಗಕ್ಕೆ ಮಾತ್ರ. ಒಂದು ಡಿಸ್ಕ್ ಹೋದರೆ ಎರಡರಲ್ಲಿದ್ದದ್ದೂ ಹೋಯಿತು. ರೇಡ್ 1 ಎಂದರೆ ಮಿರರ್. ಎರಡೂ ಡಿಸ್ಕಿನಲ್ಲಿ ಅದೇ ಬರಹ.

ರೇಡ್ 5ಕ್ಕೆ ಕನಿಷ್ಠ ಮೂರು ಡಿಸ್ಕ್ ಬೇಕು. ಇದನ್ನು ಹೀಗೆ ಯೋಚಿಸಿ. ಒಂದು ಚೀಟಿಯಲ್ಲಿ 7 ಬರೆದಿದ್ದೀರಿ, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಎರಡರ ಮೊತ್ತ 12. ಯಾವ ಚೀಟಿ ಕಳೆದರೂ ಉಳಿದೆರಡರಿಂದ ಅದನ್ನು ಲೆಕ್ಕ ಹಾಕಿ ತೆಗೆಯಬಹುದು. ಡಿಸ್ಕಿನಲ್ಲಿ ಕೂಡುವ ಕಳೆಯುವ ಬದಲು ಸೊನ್ನೆ ಒಂದುಗಳ ಬೇರೆ ಲೆಕ್ಕ ನಡೆಯುತ್ತದೆ, ತತ್ವ ಇದೇ. ನಾಲ್ಕು ಟಿಬಿಯ ಮೂರು ಡಿಸ್ಕಿಗೆ ಎಂಟು ಟಿಬಿ ಸಿಗುತ್ತದೆ. ಮಿರರ್‌ಗಿಂತ ಲಾಭ ಅನ್ನಿಸುತ್ತದೆ, ಅಲ್ವಾ?

ತೊಂದರೆ ಬರುವುದು ಒಂದು ಡಿಸ್ಕ್ ಹೋದಾಗ. ಹೊಸದನ್ನು ಹಾಕಿ ತುಂಬಿಸಬೇಕಾದರೆ ಉಳಿದ ಎರಡನ್ನೂ ಮೊದಲಿಂದ ಕೊನೆಯವರೆಗೆ ಓದಬೇಕು. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓದಿದರೂ ನಾಲ್ಕು ಟಿಬಿಗೆ ಏಳೂವರೆ ಗಂಟೆ. ಅಷ್ಟು ಹೊತ್ತು ಹಳೆಯ ಡಿಸ್ಕುಗಳು ಬಿಡುವಿಲ್ಲದೆ ದುಡಿಯಬೇಕು. ಒಂದೇ ದಿನ, ಒಂದೇ ಪೆಟ್ಟಿಗೆಯಿಂದ ತಂದ ಡಿಸ್ಕುಗಳಾದರೆ ವಯಸ್ಸೂ ಒಂದೇ. ಎರಡನೆಯದೂ ಬೀಳುವ ಭಯ ಈ ಹೊತ್ತಿನಲ್ಲೇ ಹೆಚ್ಚು. ಅದಕ್ಕೇ ಮನೆಗೆ ರೇಡ್ 5 ಬೇಡ ಅನ್ನುತ್ತೇನೆ. ನಾಲ್ಕು ಡಿಸ್ಕ್ ಹಾಕುವಷ್ಟು ಡೇಟಾ ಇದ್ದರೆ ರೇಡ್ 6 (ಎರಡು ಡಿಸ್ಕ್ ಹೋದರೂ ತಡೆಯುತ್ತದೆ) ಅಥವಾ ರೇಡ್ 10 (ಮಿರರ್ ಜೋಡಿಗಳನ್ನು ಸೇರಿಸಿದ್ದು) ನೋಡಿ. ಇಲ್ಲದಿದ್ದರೆ ಮಿರರ್ ಸಾಕು.

ರೇಡ್ ಇಲ್ಲದೆ: ಒಂದು ಒಳಗೆ, ಒಂದು ಹೊರಗೆ

ಎರಡು ಡಿಸ್ಕ್ ಹಿಡಿದು ಬಂದವರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಒಂದನ್ನು ಕಂಪ್ಯೂಟರಿಗೆ ಹಾಕಿ. ಇನ್ನೊಂದನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ, ವಾರಕ್ಕೊಮ್ಮೆ ಬ್ಯಾಕಪ್ ತೆಗೆದು, ತಂತಿ ಬಿಚ್ಚಿ ಬೀರುವಿನಲ್ಲಿಡಿ.

ಮಿರರ್ ಎಂದರೆ ಆ ಕ್ಷಣದ ನಕಲು. ನೀವು ಫೋಲ್ಡರ್ ಅಳಿಸಿದರೆ ಎರಡೂ ಕಡೆ ಅದೇ ಕ್ಷಣ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಎರಡನ್ನೂ ಒಟ್ಟಿಗೆ ಕೆಡಿಸುತ್ತದೆ. ಒಂದೇ ಪವರ್ ಸಪ್ಲೈಗೆ ಕಟ್ಟಿರುವುದರಿಂದ ವೋಲ್ಟೇಜ್ ಏರಿದರೆ ಎರಡೂ ಸುಡಬಹುದು. ಮಲೆನಾಡಿನ ಮನೆಗಳಲ್ಲಿ ಗುಡುಗು ಕೇಳಿದ ತಕ್ಷಣ ಟಿವಿ ಪ್ಲಗ್ ಕೀಳುವ ಅಭ್ಯಾಸ ಇದೆಯಲ್ಲ, ಬ್ಯಾಕಪ್ ಡಿಸ್ಕಿಗೂ ಅದೇ ನ್ಯಾಯ. ಯಾವುದಕ್ಕೂ ಚುಚ್ಚದೆ ಬೀರುವಿನಲ್ಲಿರುವ ಡಿಸ್ಕಿಗೆ ಸಿಡಿಲು ತಟ್ಟುವುದಿಲ್ಲ, ವೈರಸ್ಸೂ ತಟ್ಟುವುದಿಲ್ಲ.

ಕಳೆದುಕೊಳ್ಳುವುದೂ ಇದೆ. ಭಾನುವಾರ ಬ್ಯಾಕಪ್ ತೆಗೆದು ಶುಕ್ರವಾರ ಡಿಸ್ಕ್ ಹೋದರೆ ಐದು ದಿನದ ಕೆಲಸ ಹೋಯಿತು. ಹೊಸ ಡಿಸ್ಕ್ ತಂದು ಎಲ್ಲ ಮತ್ತೆ ಹಾಕುವವರೆಗೆ ಕಂಪ್ಯೂಟರೂ ಇಲ್ಲ. ಅದನ್ನು ತಡೆದುಕೊಳ್ಳಬಲ್ಲಿರಾದರೆ ಮನೆ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಡ್ರೈವರ್ ತಲೆನೋವೂ ಇಲ್ಲ. ಯಾವ ಕಂಪ್ಯೂಟರಿಗೆ ಚುಚ್ಚಿದರೂ ತೆರೆಯುತ್ತದೆ. ಡಿಸ್ಕನ್ನು ಗುಪ್ತಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ್ದರೆ ಮಾತ್ರ ಅದರ 48 ಅಂಕಿಯ ಕೀ ಅಥವಾ ಪಾಸ್‌ವರ್ಡ್ ಬೇಕಾಗುತ್ತದೆ.

ಪೀಟರ್ ಕ್ರೋ ಎಂಬ ಫೋಟೋಗ್ರಾಫರ್‌ರಿಂದ ಜನಪ್ರಿಯವಾದ 3-2-1 ಎಂಬ ಸೂತ್ರ ಇದೆ: ಮೂರು ಪ್ರತಿ, ಎರಡು ಬೇರೆ ಬೇರೆ ಮಾಧ್ಯಮ, ಒಂದು ಮನೆಯಿಂದ ಹೊರಗೆ. ತೀರಾ ಮುಖ್ಯವಾದದ್ದು ಎಲ್ಲರ ಬಳಿಯೂ ಕಡಿಮೆಯೇ ಇರುತ್ತದೆ. ಆಸ್ತಿ ಪತ್ರ, ಅಂಕಪಟ್ಟಿ, ತೀರಿಕೊಂಡವರ ಫೋಟೋ. ಅಷ್ಟನ್ನು ಗೂಗಲ್‌ನ ಉಚಿತ 15 ಜಿಬಿಯಲ್ಲೇ ಇಡಬಹುದು. ಇಲ್ಲವೇ ಊರಿನ ಮನೆಯಲ್ಲಿ ಇನ್ನೊಂದು ಡಿಸ್ಕ್ ಇಟ್ಟು, ಹಬ್ಬಕ್ಕೆ ಹೋದಾಗ ಬದಲಿಸಿಕೊಂಡು ಬನ್ನಿ.

ಮದರ್‌ಬೋರ್ಡಿನ ರೇಡ್

ಬಯೋಸ್‌ಗೆ ಹೋಗಿ ರೇಡ್ ಆರಿಸಿದರೆ ಆಯಿತು. ಬೇರೆ ಖರ್ಚಿಲ್ಲ, ವಿಂಡೋಸ್ ಇರುವ ಡಿಸ್ಕನ್ನೂ ಮಿರರ್ ಮಾಡಬಹುದು, ಒಂದು ಸತ್ತರೂ ಕಂಪ್ಯೂಟರ್ ಬೂಟ್ ಆಗುತ್ತದೆ. ಕೆಲಸ ನಿಲ್ಲಲೇಬಾರದು ಅನ್ನುವವರಿಗೆ ಆಸೆ ಹುಟ್ಟಿಸುವ ದಾರಿ.

ಇದರಲ್ಲಿ ರೇಡ್ ಲೆಕ್ಕ ಮಾಡುವುದಕ್ಕೆ ಬೋರ್ಡಿನಲ್ಲಿ ಪ್ರತ್ಯೇಕ ಚಿಪ್ ಇರುವುದಿಲ್ಲ. ಮಾಡುವುದೆಲ್ಲ ಡ್ರೈವರ್, ಇಂಟೆಲ್ ಆದರೆ ಆರ್‌ಎಸ್‌ಟಿ (ರಾಪಿಡ್ ಸ್ಟೋರೇಜ್ ಟೆಕ್ನಾಲಜಿ), ಎಎಂಡಿ ಆದರೆ ರೇಡ್‌ಎಕ್ಸ್‌ಪರ್ಟ್. ಅಂದರೆ ನಿಮ್ಮ ಡೇಟಾ ಈಗ ಮೂರನ್ನು ನೆಚ್ಚಿಕೊಂಡಿದೆ: ಡಿಸ್ಕ್, ಬಯೋಸ್ ಸೆಟ್ಟಿಂಗ್, ಡ್ರೈವರ್. ಭಾವನ ವಿಷಯದಲ್ಲಿ ಎರಡೂ ಡಿಸ್ಕ್ ಗಟ್ಟಿಯಾಗಿದ್ದಾಗಲೇ ಮಿರರ್ ಮುರಿದಿತ್ತು. ಮುರಿದದ್ದು ಚಿಲ್ಲರೆ ಕಾಸಿನ ಬ್ಯಾಟರಿಯಿಂದ.

ಬೋರ್ಡ್ ಸುಟ್ಟರೆ? ಇಂಟೆಲ್ ರೇಡ್‌ಗೆ ಒಂದು ಸಮಾಧಾನ ಇದೆ. ವಿಂಡೋಸ್ ಬದಲು ಬಳಸುವ ಲಿನಕ್ಸ್‌ನಲ್ಲಿ ರೇಡ್ ನಡೆಸುವ ಎಂಡಿಎಡಿಎಂ ಎಂಬ ತಂತ್ರಾಂಶ ಇಂಟೆಲ್‌ನ ಗುರುತುಗಳನ್ನು ಓದಬಲ್ಲದು. ಮಿರರ್ ಆಗಿದ್ದರೆ ಒಂದೇ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದರೂ ಸಾಮಾನ್ಯ ಡಿಸ್ಕಿನಂತೆ ತೆರೆದುಕೊಳ್ಳುತ್ತದೆ, ಏಕೆಂದರೆ ರೇಡ್ ಗುರುತು ಡಿಸ್ಕಿನ ಕೊನೆಯಲ್ಲಿರುತ್ತದೆ. ಭಾವನ ಹಳೆಯ ಫೋಟೋ ಸಿಕ್ಕಿದ್ದು ಇದರಿಂದಲೇ. ರೇಡ್ 5 ಆಗಿದ್ದರೆ ಒಂದೊಂದೇ ಡಿಸ್ಕಿನಲ್ಲಿ ಒಂದು ಫೋಟೋವೂ ಪೂರ್ತಿ ಇರುತ್ತಿರಲಿಲ್ಲ.

ಮನೆಗೆ ನಾನು ಇದನ್ನು ಆರಿಸುವುದಿಲ್ಲ. ಈಗಾಗಲೇ ಹಾಕಿಸಿಕೊಂಡಿದ್ದೀರಾ? ಹೆದರಬೇಡಿ, ಕಿತ್ತೆಸೆಯಲೂ ಬೇಡಿ. ಬ್ಯಾಟರಿ ಬದಲಿಸಿ, ಬಯೋಸ್‌ನ ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ, ಹೊರಗಿನ ಬ್ಯಾಕಪ್ ಒಂದನ್ನು ಇವತ್ತೇ ಮಾಡಿ.

ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್

ವಿಂಡೋಸ್ 8ರಿಂದ ಇದು ಒಳಗೇ ಇದೆ. ಹೋಮ್ ಆವೃತ್ತಿಯಲ್ಲೂ ಸಿಗುತ್ತದೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಎರಡು ಡಿಸ್ಕ್ ಆರಿಸಿ 'ಟೂ-ವೇ ಮಿರರ್' ಅಂದರೆ ಮುಗಿಯಿತು. ಡಿಸ್ಕಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮುಂಚೆ ಬೇರೆ ಕಡೆ ತೆಗೆದಿಡಿ.

ಬಯೋಸ್ ಸೆಟ್ಟಿಂಗ್ ಆಗಲಿ, ಬೇರೆ ಡ್ರೈವರ್ ಆಗಲಿ ಇದಕ್ಕೆ ಬೇಡ. ಎರಡೂ ಡಿಸ್ಕನ್ನು ಇನ್ನೊಂದು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ತಾನೇ ಗುರುತಿಸಿಕೊಳ್ಳುತ್ತದೆ. ಆ ವಿಂಡೋಸ್ ನಿಮ್ಮದಕ್ಕಿಂತ ಹಳೆಯದಾಗಿರಬಾರದು ಅಷ್ಟೇ. ಲಿನಕ್ಸ್ ಇದನ್ನು ಸುಲಭಕ್ಕೆ ಓದುವುದಿಲ್ಲ. ಇದರ ಮೇಲೆ ವಿಂಡೋಸನ್ನೇ ಹಾಕಿ ಬೂಟ್ ಮಾಡಲೂ ಬರುವುದಿಲ್ಲ. ಆದ್ದರಿಂದ ವಿಂಡೋಸ್ ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿರಲಿ, ಡೇಟಾ ಮಾತ್ರ ಈ ಮಿರರ್‌ನಲ್ಲಿರಲಿ. ವಿಂಡೋಸ್ ಕೆಟ್ಟರೆ ಮತ್ತೆ ಹಾಕಿಕೊಳ್ಳಬಹುದು, ಮಗಳ ಮೊದಲ ಹೆಜ್ಜೆಯ ವಿಡಿಯೋ ಮತ್ತೆ ಸಿಗುವುದಿಲ್ಲ.

ಪ್ಯಾರಿಟಿ ಎಂಬ, ರೇಡ್ 5ರಂಥ ಆಯ್ಕೆಯೂ ಕಾಣುತ್ತದೆ. ಬರೆಯುವ ವೇಗ ತುಂಬಾ ಕಡಿಮೆ. ಬಿಟ್ಟುಬಿಡಿ. ಯುಎಸ್‌ಬಿ ಡಿಸ್ಕುಗಳನ್ನು ಸೇರಿಸಿ ಮಿರರ್ ಮಾಡುವುದಕ್ಕೂ ಅದು ಬಿಡುತ್ತದೆ. ತಂತಿ ಒಮ್ಮೆ ಅಲುಗಿದರೆ ಮಿರರ್ ಮುರಿಯುತ್ತದೆ, ಹಾಗಾಗಿ ಅದೂ ಬೇಡ.

ವಿಂಡೋಸ್ ಬಿಟ್ಟು ಬೇರೆ ಬಳಸದ, ಡಿಸ್ಕ್ ಹೋದರೂ ಕೆಲಸ ನಿಲ್ಲಬಾರದು ಅನ್ನುವ ಮನೆಗೆ ನನ್ನ ಆಯ್ಕೆ ಇದು.

ಲಿನಕ್ಸ್ ಬಳಸುವವರಿಗೆ

ಎಂಡಿಎಡಿಎಂ ಮಿರರ್‌ನ ದೊಡ್ಡ ಗುಣ, ಯಾವ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ಡಿಸ್ಕುಗಳನ್ನು ಒಂದುಗೂಡಿಸಿ ತೆರೆಯಬಹುದು. ಬೋರ್ಡ್ ಯಾವ ಕಂಪನಿಯದು, ಬಯೋಸ್ ಏನು ಹೇಳುತ್ತದೆ, ಯಾವುದೂ ಲೆಕ್ಕಕ್ಕಿಲ್ಲ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ತಿಂಗಳ ಮೊದಲ ಭಾನುವಾರ ಅದು ತಾನೇ ಡಿಸ್ಕುಗಳನ್ನು ಹೋಲಿಸಿ ನೋಡುವ ಏರ್ಪಾಡೂ ಇದೆ.

ಹೀಗೆ ಹೋಲಿಸಿದಾಗ ಎರಡು ಪ್ರತಿ ಬೇರೆ ಬೇರೆ ಇದೆ ಎಂದು ಗೊತ್ತಾಗುತ್ತದೆ, ಯಾವುದು ಸರಿ ಎಂದು ಗೊತ್ತಾಗುವುದಿಲ್ಲ. ಝಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗಳು (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಗಳು) ಇಲ್ಲಿ ಮುಂದೆ. ಅವು ಪ್ರತಿ ತುಂಡಿನ ಜೊತೆಗೂ ಒಂದು ಚೆಕ್‌ಸಮ್, ಅಂದರೆ ಅದರಿಂದಲೇ ಲೆಕ್ಕ ಹಾಕಿದ ತಾಳೆ ಸಂಖ್ಯೆ, ಬರೆದಿಡುತ್ತವೆ. ಓದುವಾಗ ತಾಳೆ ನೋಡಿ, ಕೆಟ್ಟ ಪ್ರತಿಯನ್ನು ಒಳ್ಳೆಯ ಪ್ರತಿಯಿಂದ ಸರಿಪಡಿಸುತ್ತವೆ. ಹತ್ತಿಪ್ಪತ್ತು ವರ್ಷ ಇಡಬೇಕಾದ ಫೋಟೋಗಳಿಗೆ ಇದು ನಿಜಕ್ಕೂ ಬೆಲೆಬಾಳುವ ಗುಣ. ಬಿಟಿಆರ್‌ಎಫ್‌ಎಸ್‌ನಲ್ಲಿ ಮಿರರ್ ಮಾತ್ರ ಬಳಸಿ, ರೇಡ್ 5 ಮತ್ತು 6ರ ತಂಟೆಗೆ ಹೋಗಬೇಡಿ. ಕಮ್ಯಾಂಡ್ ಬರೆಯಲು ಬೇಸರ ಇಲ್ಲದವರಿಗೆ ಮಾತ್ರ ಈ ದಾರಿ ಹೇಳುತ್ತೇನೆ. ನೀವಿಲ್ಲದಾಗ ಮನೆಯವರು ಇದನ್ನು ತೆರೆಯಬಲ್ಲರಾ ಎಂದೂ ಯೋಚಿಸಿ.

ನ್ಯಾಸ್ ಪೆಟ್ಟಿಗೆ, ರೇಡ್ ಕಾರ್ಡ್

ಮನೆಯಲ್ಲಿ ನಾಲ್ಕು ಫೋನ್, ಎರಡು ಲ್ಯಾಪ್‌ಟಾಪ್ ಇದ್ದು ಎಲ್ಲರ ಫೋಟೋ ಒಂದೇ ಕಡೆ ಸೇರಬೇಕಾದರೆ ನ್ಯಾಸ್, ಅಂದರೆ ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ, ಸರಿ. ಎರಡು ಡಿಸ್ಕಿನ ಪೆಟ್ಟಿಗೆ ವೈಫೈ ರೌಟರಿನ ಪಕ್ಕ ಕೂತು ಸದಾ ಓಡುತ್ತದೆ. ಒಂದು ಡಿಸ್ಕ್ ಹೋದರೆ ಬೀಪ್ ಸದ್ದು ಮಾಡುತ್ತದೆ, ಇಮೇಲ್ ಕಳಿಸುತ್ತದೆ. ನಾಲ್ಕನೆಯ ಪ್ರಶ್ನೆಗೆ ಇಷ್ಟು ಚೆನ್ನಾಗಿ ಉತ್ತರ ಕೊಡುವುದು ಇದೊಂದೇ. ಡ್ರೈವರ್ ಸಮಸ್ಯೆಯೂ ಇಲ್ಲ, ಕಂಪ್ಯೂಟರಿಗೆ ಅದು ನೆಟ್‌ವರ್ಕಿನ ಒಂದು ಫೋಲ್ಡರ್ ಅಷ್ಟೇ.

ಖರ್ಚು ಮಾತ್ರ ಜಾಸ್ತಿ, ಪೆಟ್ಟಿಗೆಯ ದುಡ್ಡು ಬೇರೆ, ಡಿಸ್ಕಿನ ದುಡ್ಡು ಬೇರೆ. ಕರೆಂಟ್ ಹೋಗಿ ಬರುವ ಊರಾದರೆ ಯುಪಿಎಸ್ ಕೂಡ ಸೇರಿಸಿ. ಡಿಸ್ಕ್ ಕೊಳ್ಳುವಾಗ ಸಿಎಂಆರ್ (ಪಟ್ಟೆಗಳು ಒಂದರ ಮೇಲೊಂದು ಬೀಳದ ಬಗೆ) ಹೌದೇ ಎಂದು ಕೇಳಿ. ಎಸ್‌ಎಂಆರ್ ಡಿಸ್ಕುಗಳಲ್ಲಿ ಪಟ್ಟೆಗಳು ಹೆಂಚಿನಂತೆ ಒಂದರ ಮೇಲೊಂದು ಹೊದ್ದಿರುತ್ತವೆ, ಮತ್ತೆ ಬರೆಯುವಾಗ ಪಕ್ಕದ್ದನ್ನೂ ಬರೆಯಬೇಕು. ರೇಡ್ ತುಂಬಿಸುವಾಗ ತೀರಾ ನಿಧಾನವಾಗುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಳ್ಳುವುದಾದರೆ ಎರಡು ಡಿಸ್ಕನ್ನು ಎರಡು ಅಂಗಡಿಯಿಂದ ತನ್ನಿ, ತಯಾರಾದ ತಿಂಗಳು ಬೇರೆ ಇರಲಿ.

ನ್ಯಾಸನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಹಾಗೆ ತೆರೆದಿಟ್ಟ ಸಾವಿರಾರು ಪೆಟ್ಟಿಗೆಗಳಿಗೆ ಬೀಗ ಹಾಕಿತು. ನ್ಯಾಸ್‌ಗೂ ಹೊರಗಿನ ಬ್ಯಾಕಪ್ ಬೇಕು.

ರೇಡ್ ಲೆಕ್ಕವನ್ನು ತಾನೇ ಮಾಡುವ ಪ್ರತ್ಯೇಕ ರೇಡ್ ಕಾರ್ಡ್ ಮನೆಗೆ ಬೇಡ. ಕಾರ್ಡ್ ಸತ್ತರೆ ಅದೇ ಜಾತಿಯ ಇನ್ನೊಂದು ಕಾರ್ಡ್ ಹುಡುಕಬೇಕು. ಹಳೆಯ ಕಾರ್ಡಿಗೆ ಹೊಸ ವಿಂಡೋಸ್‌ನ ಡ್ರೈವರ್ ಸಿಗದಿರುವುದೂ ಉಂಟು.

ಡಿಸ್ಕ್ ಇದೆ, ಕಾಣುತ್ತಿಲ್ಲ

ಈಗ ಎರಡನೆಯ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಿಂದಾಗಿ ಹೊಸದಾಗಿ ವಿಂಡೋಸ್ ಹಾಕುವವರು ಬಹಳ. ಪೆನ್‌ಡ್ರೈವ್ ಚುಚ್ಚಿ, ಭಾಷೆ ಆರಿಸಿ, ಮುಂದೆ ಹೋದರೆ ಡಿಸ್ಕಿನ ಪಟ್ಟಿ ಬರಬೇಕಾದ ಜಾಗ ಖಾಲಿ. ಯಾವ ಡ್ರೈವೂ ಸಿಗಲಿಲ್ಲ, 'ಲೋಡ್ ಡ್ರೈವರ್' ಒತ್ತಿ ಅನ್ನುತ್ತದೆ. ಡಿಸ್ಕ್ ಕೆಟ್ಟಿಲ್ಲ. ಬಯೋಸ್‌ಗೆ ಹೋಗಿ ನೋಡಿ, ಅಲ್ಲಿ ಹೆಸರು, ಗಾತ್ರ ಎಲ್ಲ ಕಾಣುತ್ತದೆ.

2020ರಲ್ಲಿ ಬಂದ ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿಯೇ ಬರುತ್ತದೆ. ಇದು ಎಸ್‌ಎಸ್‌ಡಿಗಳನ್ನೆಲ್ಲ ತನ್ನ ಹಿಂದೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಂತೆ. ವಿಂಡೋಸ್‌ಗೆ ಕಾಣುವುದು ಬಾಗಿಲಲ್ಲಿ ನಿಂತವನು ಮಾತ್ರ. ಅವನ ಭಾಷೆ ಗೊತ್ತಿಲ್ಲದಿದ್ದರೆ, ಅಂದರೆ ಡ್ರೈವರ್ ಇಲ್ಲದಿದ್ದರೆ, ಒಳಗಿದ್ದವರು ಇಲ್ಲವೇ ಇಲ್ಲ. ಇದು ಹೊಸ ಕಾಟವೇನಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದಕ್ಕೇ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುತ್ತಿದ್ದೆವು.

ಇಲ್ಲೂ ಎರಡು ದಾರಿ. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುತ್ತಿದ್ದೀರಿ, ಇರುವುದು ಒಂದೇ ಎಸ್‌ಎಸ್‌ಡಿ, ರೇಡ್ ಇಲ್ಲ ಅಂದರೆ ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿ. ವಿಂಡೋಸ್‌ನಲ್ಲೇ ಇರುವ ಎನ್‌ವಿಎಂಇ (ಹೊಸ ಬಗೆಯ ಎಸ್‌ಎಸ್‌ಡಿ) ಡ್ರೈವರ್ ಸಾಕು. ಮುಂದೆ ಆ ಎಸ್‌ಎಸ್‌ಡಿಯನ್ನು ಬೇರೆ ಕಂಪ್ಯೂಟರಿಗೆ ಹಾಕುವುದೂ ಸಲೀಸು. ನಾನು ಮನೆಯ ಲ್ಯಾಪ್‌ಟಾಪ್‌ಗಳಿಗೆ ಮಾಡುವುದು ಇದನ್ನೇ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಈ ಸಾಲು ಕಾಣುವುದೇ ಇಲ್ಲ. ಆಗ ಎರಡನೆಯ ದಾರಿ ಹಿಡಿಯಬೇಕು.

ಇಂಟೆಲ್ ರೇಡ್ ಇದ್ದರೆ, ಅಥವಾ ಈಗಿರುವ ವಿಂಡೋಸ್ ಹಾಗೇ ಉಳಿಯಬೇಕಾದರೆ ವಿಎಂಡಿ ಮುಟ್ಟಬೇಡಿ, ಡ್ರೈವರ್ ಕೊಡಿ. ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ, ನಿಮ್ಮ ಮಾಡೆಲ್‌ನ ಪುಟದಲ್ಲಿ, ಸ್ಟೋರೇಜ್ ವಿಭಾಗದಲ್ಲಿ ಇಂಟೆಲ್ ರಾಪಿಡ್ ಸ್ಟೋರೇಜ್ ಎಂದಿರುತ್ತದೆ. ಇಳಿಸಿಕೊಂಡದ್ದನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿದರೆ ನಡೆಯುವುದಿಲ್ಲ. ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಅದು ಕಟ್ಟಿದ ಪೊಟ್ಟಣ, ಬಿಚ್ಚಬೇಕು. ಬಿಚ್ಚಿದಾಗ ಐಎನ್‌ಎಫ್, ಎಸ್‌ವೈಎಸ್, ಸಿಎಟಿ ಎಂದು ಕೊನೆಯಾಗುವ ಕಡತಗಳಿರುವ ಫೋಲ್ಡರ್ ಸಿಗುತ್ತದೆ. ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ ತೋರಿಸಿ. ಪಟ್ಟಿಯಲ್ಲಿ ವಿಎಂಡಿ ಹೆಸರು ಬರುತ್ತದೆ, ಆರಿಸಿದ ಕೆಲವೇ ಕ್ಷಣಕ್ಕೆ ಖಾಲಿಯಿದ್ದ ಜಾಗದಲ್ಲಿ ಡಿಸ್ಕ್ ಮೂಡುತ್ತದೆ.

ಓಡುತ್ತಿರುವ ವಿಂಡೋಸ್‌ನಲ್ಲಿ ಸುಮ್ನೆ ಪರೀಕ್ಷೆಗೆಂದು ವಿಎಂಡಿ ಆಫ್ ಮಾಡಿದರೆ ಭಾವ ಕಂಡ ನೀಲಿ ಪರದೆಯೇ ಬರುತ್ತದೆ. ಗಾಬರಿಯಾಗಬೇಡಿ, ಮತ್ತೆ ಆನ್ ಮಾಡಿದರೆ ಸಾಮಾನ್ಯವಾಗಿ ಮೊದಲಿನಂತೆ ಬರುತ್ತದೆ. ಬಯೋಸ್ ಮುಟ್ಟುವ ಮೊದಲು ಬಿಟ್‌ಲಾಕರ್ ಕೀ ಕೈಯಲ್ಲಿರಲಿ. ವಿಂಡೋಸ್ 11ರ ಹಲವು ಲ್ಯಾಪ್‌ಟಾಪ್‌ಗಳಲ್ಲಿ ನೀವು ಹೇಳದಿದ್ದರೂ ಬೀಗ ಬಿದ್ದಿರುತ್ತದೆ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿದ್ದರೆ ಕೀ ಆ ಖಾತೆಯ ಪುಟದಲ್ಲಿ ಸಿಗುತ್ತದೆ. ಮೊದಲೇ ಹಾಳೆಯಲ್ಲಿ ಬರೆದುಕೊಳ್ಳಿ.

ಡಿಸ್ಕ್ ಸಿಕ್ಕ ಮೇಲೆ ವೈಫೈ ಸಿಗದಿರಬಹುದು. ವೈಫೈ ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಡ್ರೈವರ್ ಬೇಕು. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ, ಫೋನಿನ ಇಂಟರ್ನೆಟ್ ಕಂಪ್ಯೂಟರಿಗೆ ಸಿಗುತ್ತದೆ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ಬಹಳಷ್ಟು ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ತಾನೇ ತರುತ್ತದೆ.

ಆಮೇಲೂ ವಿಂಡೋಸ್ ಎಲ್ಲ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಉಳಿದರೆ ಅದರ ಮೇಲೆ ಎರಡು ಸಲ ಒತ್ತಿ. ಕೋಡ್ 28 ಎಂದಿದ್ದರೆ ಡ್ರೈವರ್ ಇಲ್ಲ ಎಂದರ್ಥ. ಎಸ್‌ಎಂ ಬಸ್ ಕಂಟ್ರೋಲರ್ ಎಂದಿದ್ದರೆ ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) ಡ್ರೈವರ್ ಹಾಕಿ, ಹೋಗುತ್ತದೆ. ಹೆಸರೇ ಇಲ್ಲದಿದ್ದರೆ ಡಿಟೇಲ್ಸ್‌ಗೆ ಹೋಗಿ ಹಾರ್ಡ್‌ವೇರ್ ಐಡಿ ನೋಡಿ. ಅದರಲ್ಲಿ ತಯಾರಕರ ಸಂಖ್ಯೆ ಇರುತ್ತದೆ: 8086 ಅಂದರೆ ಇಂಟೆಲ್, 10ಇಸಿ ಅಂದರೆ ರಿಯಲ್‌ಟೆಕ್, 10ಡಿಇ ಅಂದರೆ ಎನ್‌ವಿಡಿಯಾ. ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ ಹಾಕಿಕೊಡುತ್ತೇವೆ ಎನ್ನುವ ತಾಣಗಳ ಕಡೆ ಹೋಗಬೇಡಿ. ಬೇಡದ್ದನ್ನೂ ಜೊತೆಗೆ ತಂದುಬಿಡುತ್ತವೆ.

ಹಾಗಾದರೆ ನೀವು ಯಾವುದು ಆರಿಸಬೇಕು

ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಡಿಸ್ಕ್ ಬಿಟ್ಟು, ಕೈಯಲ್ಲಿ ಇನ್ನೊಂದು ಡಿಸ್ಕಿನ ದುಡ್ಡು ಮಾತ್ರ ಇದ್ದರೆ ಯುಎಸ್‌ಬಿ ಡಿಸ್ಕ್ ಕೊಂಡು ಬ್ಯಾಕಪ್ ತೆಗೆಯಿರಿ. ವಿದ್ಯಾರ್ಥಿಗೆ, ಮನೆ ಫೋಟೋ ಇಟ್ಟುಕೊಂಡವರಿಗೆ ಇದೇ ಸರಿ. ಎರಡು ಡಿಸ್ಕಿನ ದುಡ್ಡು ಇದ್ದರೂ ಮೊದಲ ಮಾತು ಬದಲಾಗುವುದಿಲ್ಲ, ಎರಡೂ ಬ್ಯಾಕಪ್‌ಗೇ ಇರಲಿ, ಒಂದು ಬೇರೆ ಮನೆಯಲ್ಲಿರಲಿ.

ಮೂರು ಡಿಸ್ಕಿನ ದುಡ್ಡಿದೆ, ಕೆಲಸ ನಿಲ್ಲಬಾರದು ಅಂದರೆ ಎರಡನ್ನು ಸ್ಟೋರೇಜ್ ಸ್ಪೇಸಸ್ ಅಥವಾ ಎಂಡಿಎಡಿಎಂನಲ್ಲಿ ಮಿರರ್ ಮಾಡಿ, ಮೂರನೆಯದನ್ನು ಬ್ಯಾಕಪ್‌ಗಿಡಿ. ಮೂರನ್ನೂ ಸೇರಿಸಿ ರೇಡ್ 5 ಮಾಡುವ ಆಸೆ ಬರುತ್ತದೆ, ಎಂಟು ಟಿಬಿ ಕಣ್ಣಿಗೆ ಕಾಣುತ್ತದೆ. ದಯವಿಟ್ಟು ಮಾಡಬೇಡಿ. ಮನೆ ತುಂಬ ಫೋನು, ಲ್ಯಾಪ್‌ಟಾಪು ಇದ್ದು ಖರ್ಚಿಗೆ ತೊಂದರೆ ಇಲ್ಲದಿದ್ದರೆ ನ್ಯಾಸ್, ಅದಕ್ಕೊಂದು ಬ್ಯಾಕಪ್.

ಯಾವುದನ್ನೇ ಮಾಡಿದರೂ ಡೇಟಾ ತುಂಬುವ ಮೊದಲೇ ಒಂದು ಪರೀಕ್ಷೆ ಮಾಡಿ. ಕಂಪ್ಯೂಟರ್ ಆಫ್ ಮಾಡಿ, ಮಿರರ್‌ನ ಒಂದು ಡಿಸ್ಕಿನ ತಂತಿ ಬಿಚ್ಚಿ, ಆನ್ ಮಾಡಿ. ಎಚ್ಚರಿಕೆ ಬರುತ್ತದಾ, ಎಲ್ಲಿ ಬರುತ್ತದೆ, ನಿಮ್ಮ ಕಣ್ಣಿಗೆ ಬೀಳುತ್ತದಾ ನೋಡಿ. ಮತ್ತೆ ಜೋಡಿಸಿ, ಎರಡೂ ಸರಿಯಾಗುವವರೆಗೆ ಕಾಯಿರಿ. ಬ್ಯಾಕಪ್ ಡಿಸ್ಕಾದರೆ ಬೇರೆ ಕಂಪ್ಯೂಟರಿಗೆ ಚುಚ್ಚಿ ನಾಲ್ಕು ಫೋಟೋ ತೆರೆದು ನೋಡಿ. ತಿಂಗಳಿಗೊಮ್ಮೆ, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ತಂತ್ರಾಂಶ ತೆರೆದು, ನೀಲಿ ಇದ್ದದ್ದು ಹಳದಿಯಾಗಿದೆಯಾ ಗಮನಿಸಿ. ಹಳದಿಯಾದರೆ ಡಿಸ್ಕ್ ಬದಲಿಸುವ ಹೊತ್ತಾಯಿತು.

ಭಾವನ ಹೊಸ ಕಂಪ್ಯೂಟರಿನಲ್ಲಿ ಈಗ ವಿಂಡೋಸ್‌ನ ಮಿರರ್ ಇದೆ. ಬ್ಯಾಕಪ್ ಡಿಸ್ಕ್ ಅಕ್ಕನ ಬೀರುವಿನಲ್ಲಿದೆ, ಪ್ರತಿ ಸೋಮವಾರ ಹೊರಗೆ ಬರುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದರೆ ಒಳಗೆ ಒಂದು ಚೀಟಿ ಅಂಟಿಸಿದೆ. ಬಯೋಸ್ ಎಎಚ್‌ಸಿಐನಲ್ಲಿರಬೇಕು, ಯಾವ ಎರಡು ಡಿಸ್ಕ್ ಜೋಡಿ, ಅವುಗಳ ಸೀರಿಯಲ್ ನಂಬರ್, ಡ್ರೈವರ್ ಪೆನ್‌ಡ್ರೈವ್ ಯಾವ ಡ್ರಾದಲ್ಲಿದೆ, ವಿಂಡೋಸ್ ಮತ್ತೆ ಹಾಕುವ ಮೊದಲು ಯಾರಿಗೆ ಫೋನ್ ಮಾಡಬೇಕು. ಕೊನೆಯ ಸಾಲಿನಲ್ಲಿ ಬ್ಯಾಟರಿ ಬದಲಿಸಿದ ತಾರೀಕು ಇದೆ, ಭಾವನ ಕೈಬರಹದಲ್ಲಿ.